ಹೊಟ್ಟೆಯ ನುಡಿ, ಮನಸ್ಸಿನ ನೋವು

ಕನ್ನಡದಲ್ಲಿ ಅಸೂಯೆಗೆ ಹೊಟ್ಟೆಕಿಚ್ಚೆಂದು ಹೆಸರು. ಅನ್ಯರ ಸಂಕಟ ಕಂಡಾಗ ನಮಗೆ ಕರುಳು ಚುರುಕ್ಕೆನ್ನುತ್ತದೆ. ಹೆತ್ತ ಕೂಸು ತಾಯಿಗೆ ಕರುಳಿನ ಕುಡಿ. ಇವು ನುಡಿಗಟ್ಟುಗಳೆಂದು ಅರ್ಥ ಹೇಳಿ ಮುಂದೆ ಸಾಗುವುದು ತರಗತಿಯ ರೂಢಿ. ಆದರೆ ಮನಸ್ಸಿಗೂ ಉದರಕ್ಕೂ ನಮ್ಮ ಭಾಷೆ ಬೆಸೆದ ಈ ನಂಟು ಬರಿಯ ಉತ್ಪ್ರೇಕ್ಷೆಯಲ್ಲವೆಂದು ಶರೀರಶಾಸ್ತ್ರವೂ ಹೇಳುತ್ತದೆ.

೧೮೨೨ರ ಜೂನ್ ತಿಂಗಳಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನಿಗೆ ಆಕಸ್ಮಿಕವಾಗಿ ಗುಂಡೇಟು ತಗುಲಿತು. ಸೇನಾವೈದ್ಯ ವಿಲಿಯಂ ಬ್ಯೂಮಾಂಟನ ಶುಶ್ರೂಷೆಯಿಂದ ಅವನು ಬದುಕಿಕೊಂಡ. ಆದರೆ ಜಠರಕ್ಕೆ ತೆರೆದಿದ್ದ ರಂಧ್ರ ಮುಚ್ಚದೆ ಉಳಿಯಿತು. ಬ್ಯೂಮಾಂಟ್ ಆ ಕಿಂಡಿಯೊಳಗೆ ರೇಷ್ಮೆ ದಾರಕ್ಕೆ ಕಟ್ಟಿದ ಆಹಾರದ ತುಣುಕುಗಳನ್ನು ಇಳಿಬಿಟ್ಟು, ಅವು ಜೀರ್ಣವಾಗುವ ಬಗೆಯನ್ನು ವರ್ಷಗಟ್ಟಲೆ ಪರೀಕ್ಷಿಸಿ, ೧೮೩೩ರಲ್ಲಿ ಗ್ರಂಥವನ್ನು ಪ್ರಕಟಿಸಿದ. ಸೇಂಟ್ ಮಾರ್ಟಿನ್ ಸಿಟ್ಟಿಗೆದ್ದಾಗ ಅವನ ಜೀರ್ಣಕ್ರಿಯೆಯೂ ಏರುಪೇರಾಗುವುದನ್ನು ಈ ವೈದ್ಯ ಕಣ್ಣಾರೆ ಕಂಡಿದ್ದ.

ಇದಕ್ಕೆ ಕಾರಣವೇನು? ಜೀರ್ಣಾಂಗದ ಗೋಡೆಯಲ್ಲಿ ಕೋಟಿಗಟ್ಟಲೆ ನರಕೋಶಗಳ ಜಾಲವೊಂದು ಹರಡಿಕೊಂಡಿದೆ. ಮಿದುಳಿನ ಅಪ್ಪಣೆಗೆ ಕಾಯದೆಯೂ ಅದು ಕರುಳಿನ ಚಲನೆಯನ್ನು ನಡೆಸಬಲ್ಲುದು. ಮಿದುಳಿಗೂ ಉದರಕ್ಕೂ ನಡುವೆ ವೇಗಸ್ ಎಂಬ ನರ ದೂತನಂತಿದೆ. ಅದರ ತಂತುಗಳಲ್ಲಿ ಬಹುಪಾಲು ಒಡಲಿನ ಸುದ್ದಿಯನ್ನು ಮೇಲಕ್ಕೆ ಒಯ್ಯತಕ್ಕವು. ಆದುದರಿಂದ ಚಿಂತೆ ಹೊಟ್ಟೆಯನ್ನು ಕೆಡಿಸುವಂತೆ, ಕೆಟ್ಟ ಹೊಟ್ಟೆಯೂ ಮನಸ್ಸನ್ನು ಕುಗ್ಗಿಸಬಲ್ಲುದು.

ಒಳಗೆ ಇನ್ನೊಂದು ಲೋಕವೂ ಇದೆ. ನಮ್ಮ ದೇಹದಲ್ಲಿ ಸುಮಾರು ೩೮ ಲಕ್ಷ ಕೋಟಿ ಬ್ಯಾಕ್ಟೀರಿಯಗಳಿವೆ ಎಂದು ೨೦೧೬ರಲ್ಲಿ ಪ್ರಕಟವಾದ ಒಂದು ಎಣಿಕೆ ಹೇಳುತ್ತದೆ. ಅವುಗಳಲ್ಲಿ ಹೆಚ್ಚಿನವುಗಳ ಬೀಡು ದೊಡ್ಡ ಕರುಳು. ರಾಗಿ, ಕಾಳು, ಸೊಪ್ಪುಗಳಲ್ಲಿ ನಮಗೆ ಜೀರ್ಣವಾಗದ ನಾರೇ ಅವುಗಳ ಗ್ರಾಸ; ಅದನ್ನು ಹುಳಿಸಿ ಅವು ಕೊಡುವ ಆಮ್ಲಗಳು ಕರುಳಿನ ಒಳಪದರಕ್ಕೆ ಪೋಷಣೆ. ವೈದ್ಯರನ್ನು ಕೇಳದೆ ಅಂಗಡಿಯಿಂದ ಆಂಟಿಬಯಾಟಿಕ್ ಗುಳಿಗೆ ತಂದು ನುಂಗಿದರೆ ರೋಗಾಣುವಿನೊಡನೆ ಈ ಒಕ್ಕಲೂ ನಾಶಕ್ಕೀಡಾಗುತ್ತದೆ. ಆದರೆ ಇವುಗಳಿಂದಲೇ ಸಕಲ ವ್ಯಾಧಿಗಳೂ ವಾಸಿಯಾಗುವುವೆಂಬ ಜಾಹೀರಾತುಗಳಿಗೆ ವಿಜ್ಞಾನದ ಮುದ್ರೆ ಇನ್ನೂ ಬಿದ್ದಿಲ್ಲ.

ಅಧ್ಯಾಪನದ ದಿನಗಳಲ್ಲಿ, ಪರೀಕ್ಷೆಯ ಬೆಳಗ್ಗೆ ಹೊಟ್ಟೆ ಹಿಡಿದುಕೊಂಡು ನಿಂತ ವಿದ್ಯಾರ್ಥಿಗಳನ್ನು ಪ್ರತಿವರ್ಷವೂ ನೋಡುತ್ತಿದ್ದೆ. ಕೆಲವರು ಅದನ್ನು ನೆಪವೆಂದು ನಗುತ್ತಿದ್ದರು. ಭಯದಿಂದ ಹುಟ್ಟಿದರೂ ಆ ನೋವು ಸುಳ್ಳಲ್ಲ. ಕರುಳು ನಿಜವಾಗಿಯೇ ಹಿಂಡುತ್ತದೆ. ಮಾತನಾಡಲಾರದ ದುಃಖವನ್ನು ಹೊಟ್ಟೆನೋವೆಂದು ಹೇಳಿಕೊಳ್ಳುವ ಸೊಸೆ, ಊಟ ಸೇರುತ್ತಿಲ್ಲವೆನ್ನುವ ಒಂಟಿ ವೃದ್ಧ, ಇವರೂ ಅದೇ ಸಾಲಿನವರು. ನೋವು ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ಮೈ ಇಳಿದರೆ ವೈದ್ಯರಲ್ಲಿಗೆ ತಡಮಾಡದೆ ಹೋಗಬೇಕು. ವೈದ್ಯರು ದೋಷವೇನೂ ಇಲ್ಲವೆಂದ ಮೇಲೂ ನಮ್ಮ ಕರ್ತವ್ಯ ಮುಗಿಯದು. ಪಕ್ಕದಲ್ಲಿ ಕುಳಿತು, "ಏನು ತೊಂದರೆ?" ಎಂದು ಕೇಳುವ ಕೆಲಸ ಉಳಿದಿರುತ್ತದೆ.