ಚಳಿಯಲ್ಲಿ ಬಣ್ಣ ಬದಲಿಸುವ ನೆಲಹಬ್ಬು ಜೂನಿಪರ್



ಎಲೆಯ ಬಣ್ಣ ಬದಲಾದರೆ ಗಿಡಕ್ಕೆ ಏನೋ ಆಗಿದೆಯೆಂದು ಬೇಸಾಯಗಾರನು ಕೂಡಲೆ ಎಚ್ಚರಗೊಳ್ಳುತ್ತಾನೆ. ಮುಸುಕಿನ ಜೋಳದ ಎಳೆಯ ಪೈರು ನೇರಳೆಗೆ ತಿರುಗಿದರೆ ರಂಜಕದ ಕೊರತೆಯಿರಬಹುದೆಂದೂ, ಭತ್ತದ ಪೈರು ಹಳದಿಯಾದರೆ ಸಾರಜನಕ ಸಾಲದಿರಬಹುದೆಂದೂ ನಾವು ತಿಳಿಯುತ್ತೇವೆ. ಆದರೆ ಪ್ರತಿ ವರ್ಷ ಚಳಿ ಬಂದೊಡನೆ ನೇರಳೆಯಾಗಿ, ಚಳಿ ಕಳೆದ ಮೇಲೆ ತಾನಾಗಿಯೇ ಹಸಿರಾಗುವ ಗಿಡಗಳೂ ಉಂಟು. ಅಂಥದನ್ನು ಒಣಗಿತೆಂದು ಕಿತ್ತೆಸೆದರೆ ಒಳ್ಳೆಯ ಗಿಡ ಹೋಯಿತು. ನಿಜವಾಗಿ ರೋಗ ತಗುಲಿದ್ದನ್ನು ಚಳಿಯ ಬಣ್ಣವೆಂದು ಬಿಟ್ಟರೆ ಇಡೀ ಪಾತಿಯೇ ಹೋದೀತು. ಈ ಎರಡರ ಭೇದವನ್ನು ತಿಳಿಯುವುದು ಹೇಗೆ, ಆ ಗಿಡಗಳನ್ನು ಅವುಗಳ ಸೀಮೆಯಲ್ಲಿ ಹೇಗೆ ಬೆಳೆಸುತ್ತಾರೆ, ನಾವು ಅವನ್ನು ಕೊಳ್ಳಬಹುದೇ ಎಂಬುದನ್ನು ಇಲ್ಲಿ ವಿವರಿಸಿದೆ.

ಗಿಡದ ಪರಿಚಯ

ಪೈನ್, ದೇವದಾರು, ಸೈಪ್ರಸ್ ಮುಂತಾದವುಗಳಿಗೆ ಶಂಕುಫಲ ಜಾತಿಯ ಗಿಡಗಳೆಂದು ಹೆಸರು. ಇವುಗಳ ಎಲೆ ಸೂಜಿಯಂತೆ ಅಥವಾ ಹುರುಪೆಯಂತೆ ಇರುತ್ತದೆ. ನಮ್ಮಲ್ಲಿ ಸೌದೆಗಾಗಿ ಬೆಳೆಯುವ ಸರ್ವೆ ಮರ ನೋಡುವುದಕ್ಕೆ ಹೀಗೆಯೇ ಕಂಡರೂ ಅದು ಈ ಜಾತಿಗೆ ಸೇರಿದ್ದಲ್ಲ. ಶಂಕುಫಲ ಜಾತಿಯವುಗಳಲ್ಲಿ ಹೆಚ್ಚಿನವು ಎತ್ತರದ ಮರಗಳು. ಕೆಲವು ಮಾತ್ರ ನೆಲಕ್ಕೆ ಒರಗಿಕೊಂಡು ಚಾಪೆಯಂತೆ ಹಬ್ಬುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಉತ್ತರ ಅಮೆರಿಕದ ನೆಲಹಬ್ಬು ಜೂನಿಪರ್.

ಕೆನಡಾ, ಅಲಾಸ್ಕಾ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳ ಉತ್ತರ ಭಾಗ ಇದರ ತವರು. ಕಡಲತೀರದ ಬಂಡೆ, ಮರಳುದಿಣ್ಣೆ, ಕಲ್ಲು ತುಂಬಿದ ಇಳಿಜಾರು ಇವುಗಳಲ್ಲಿ ತಾನಾಗಿ ಬೆಳೆಯುತ್ತದೆ. ಎತ್ತರ ಸಾಮಾನ್ಯವಾಗಿ ಒಂದು ಅಡಿಯೊಳಗೆ. ಹರವು ಆರರಿಂದ ಹತ್ತು ಅಡಿ. ರೆಂಬೆಗಳು ನೆಲಕ್ಕೆ ತಗುಲಿದ ಕಡೆ ಬೇರು ಬಿಡುತ್ತವೆ. ಆದಕಾರಣ ಮಳೆಯ ನೀರು ಮಣ್ಣನ್ನು ಕೊಚ್ಚದಂತೆ ತಡೆಯುವುದಕ್ಕೆ ರಸ್ತೆಯ ಏರಿ ಮತ್ತು ಇಳಿಜಾರುಗಳಲ್ಲಿ ಅಲ್ಲಿನವರು ಇದನ್ನು ನೆಡುತ್ತಾರೆ. ವರ್ಷವಿಡೀ ಎಲೆ ಉದುರದಿರುವುದರಿಂದ ನೆಲ ಯಾವಾಗಲೂ ಮುಚ್ಚಿರುತ್ತದೆ.

ಇದರ ತಳಿಗಳು ಹಲವಾರು. ಪೆನ್ಸಿಲ್ವೇನಿಯಾದ ಆಂಡೋರಾ ನರ್ಸರಿಯಿಂದ 1907 ರಲ್ಲಿ ಬಂದ ಆಂಡೋರಾ ತಳಿ ಬೇಸಿಗೆಯಲ್ಲಿ ಬೂದುಹಸಿರು, ಚಳಿಗಾಲದಲ್ಲಿ ನೇರಳೆ. ಮೇನ್ ಸಂಸ್ಥಾನದ ವೈನಲ್‌ಹೇವನ್ ದ್ವೀಪದಲ್ಲಿ 1914 ರಲ್ಲಿ ದೊರೆತ ವಿಲ್ಟೋನಿ ತಳಿ ಅರ್ಧ ಅಡಿಗಿಂತ ಎತ್ತರವಾಗುವುದೇ ಅಪರೂಪ. ಅದರ ಬೆಳ್ಳಿನೀಲಿ ಎಲೆ ಚಳಿಯಲ್ಲಿ ತುಸು ನೇರಳೆಯಾಗುತ್ತದೆ. ಅದೇ ಸಂಸ್ಥಾನದ ಬಾರ್ ಹಾರ್ಬರ್ ತಳಿ ಕಡಲಿನ ಉಪ್ಪುಗಾಳಿಯನ್ನೂ ತಡೆಯುತ್ತದೆ. ನೆರಳಿಗೂ ಹೊಂದುವ ಇನ್ನೊಂದು ಗಿಡ ರಷ್ಯದ ಪೂರ್ವದಂಚಿನ ಪರ್ವತಗಳ ಮೈಕ್ರೋಬಯೋಟ. ವ್ಲಾಡಿವೊಸ್ಟಾಕ್ ಸಮೀಪದಲ್ಲಿ 1921 ರಲ್ಲಿ ಕಂಡುಬಂದ ಇದು ಚಳಿಯಲ್ಲಿ ತಾಮ್ರದ ಬಣ್ಣ ತಾಳುತ್ತದೆ.

ಬಣ್ಣ ಬದಲಾಗುವುದೇಕೆ?

ಎಲೆಯ ಹಸಿರು ಬಿಸಿಲಿನ ಶಕ್ತಿಯನ್ನು ಹಿಡಿದು ಗಿಡಕ್ಕೆ ಆಹಾರ ತಯಾರಿಸುತ್ತದೆ. ಕಡು ಚಳಿಯಲ್ಲಿ ಈ ಕೆಲಸ ನಿಧಾನವಾಗುತ್ತದೆ, ಆದರೆ ಬಿಸಿಲು ಬೀಳುವುದು ನಿಲ್ಲುವುದಿಲ್ಲ. ಬಳಕೆಯಾಗದೆ ಉಳಿದ ಬೆಳಕು ಎಲೆಗೆ ಹಾನಿ ಮಾಡುತ್ತದೆ. ಆಗ ಗಿಡವು ಹಸಿರನ್ನು ಸ್ವಲ್ಪ ಕಡಿಮೆ ಮಾಡಿಕೊಂಡು, ಕೆಂಪು ಅಥವಾ ನೇರಳೆ ಬಣ್ಣದ ಪದಾರ್ಥವನ್ನು ಎಲೆಯಲ್ಲಿ ತುಂಬಿಕೊಳ್ಳುತ್ತದೆ. ಎಳೆಯ ಸಸಿಗೆ ನಾವು ಚಪ್ಪರ ಹಾಕಿದ ಹಾಗೆ ಈ ಬಣ್ಣ ಎಲೆಗೆ ನೆರಳಾಗುತ್ತದೆ. ಮಾವಿನ ಎಳೆಯ ಚಿಗುರು ಮೊದಲು ಕೆಂಪಾಗಿದ್ದು, ಬಲಿತ ಮೇಲೆ ಹಸಿರಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿಯೂ ಕೆಂಪು ಬಣ್ಣ ಎಳೆಯ ಎಲೆಗೆ ರಕ್ಷಣೆ ಕೊಡುತ್ತದೆ. ಚಳಿ ಕಳೆದು ನೆಲ ಬೆಚ್ಚಗಾದ ಮೇಲೆ ಜೂನಿಪರ್ ತನ್ನ ಮೊದಲಿನ ಬಣ್ಣಕ್ಕೆ ಮರಳುತ್ತದೆ.

ಚಳಿಯೂ ಬಿಸಿಲೂ ಕೂಡಿದರೆ ಮಾತ್ರ ಬಣ್ಣ ಚೆನ್ನಾಗಿ ಏರುತ್ತದೆ ಎಂಬುದನ್ನು ಮರೆಯಬಾರದು.

ಬೆಳೆಸುವ ಕ್ರಮ

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ, ನೀರು ನಿಲ್ಲದ ಜಾಗವನ್ನು ಆರಿಸಬೇಕು. ಮಣ್ಣು ಬಡವಾಗಿದ್ದರೂ, ಕಲ್ಲಾಗಿದ್ದರೂ ಚಿಂತೆಯಿಲ್ಲ; ಜೌಗು ಮಾತ್ರ ಆಗದು. ನೆಡುವುದಕ್ಕೆ ಮೊದಲೇ ಬೇರುಸಹಿತ ಉಳಿಯುವ ಕಳೆಯನ್ನು ಪೂರ್ತಿ ತೆಗೆಯಬೇಕು. ಗಿಡ ಹಬ್ಬಿದ ಮೇಲೆ ಅದರ ನಡುವೆ ಕೈಹಾಕಿ ಕಳೆ ಕೀಳುವುದು ಬಹಳ ಕಷ್ಟ.

ಗುಂಡಿಯ ಅಗಲ ಬೇರಿನ ಗೆಡ್ಡೆಯ ಎರಡರಷ್ಟು, ಆಳ ಗೆಡ್ಡೆಯಷ್ಟೇ ಇರಬೇಕು. ಗಿಡದಿಂದ ಗಿಡಕ್ಕೆ ನಾಲ್ಕರಿಂದ ಆರು ಅಡಿ ಅಂತರ ಸಾಕು. ಇಳಿಜಾರಿನಲ್ಲಿ ಒಂದು ಸಾಲಿನ ಗಿಡ ಮುಂದಿನ ಸಾಲಿನ ಎರಡು ಗಿಡಗಳ ನಡುವೆ ಬರುವಂತೆ ತ್ರಿಕೋನವಾಗಿ ನೆಟ್ಟರೆ ನೀರಿನ ಓಟಕ್ಕೆ ತಡೆಯಾಗುತ್ತದೆ. ಮೊದಲ ವರ್ಷ ಮಳೆ ಇಲ್ಲದಾಗ ವಾರಕ್ಕೊಮ್ಮೆ ನೀರು ಕೊಟ್ಟು, ಬುಡಕ್ಕೆ ಒಣ ತೊಗಟೆಯ ಹೊದಿಕೆ ಹಾಕಬೇಕು. ಬೇರು ಹಿಡಿದ ಮೇಲೆ ನೀರಾಗಲಿ ಗೊಬ್ಬರವಾಗಲಿ ಹೆಚ್ಚು ಬೇಕಾಗುವುದಿಲ್ಲ.

ಬೀಜದಿಂದ ಬೆಳೆಸಿದ ಗಿಡ ತಾಯಿಯ ಬಣ್ಣವನ್ನೇ ತರುವುದೆಂಬ ಭರವಸೆಯಿಲ್ಲ. ಒಳ್ಳೆಯ ಮಾವಿಗೆ ನಾವು ಕಸಿಯನ್ನು ನಂಬುವಂತೆ ಅಲ್ಲಿನವರು ಕಡ್ಡಿಯನ್ನು ನಂಬುತ್ತಾರೆ. ಚಳಿಗಾಲದಲ್ಲಿ ನಾಲ್ಕಾರು ಅಂಗುಲದ ಕಡ್ಡಿಗಳನ್ನು ಕತ್ತರಿಸಿ, ಬೇರು ಬರಿಸುವ ಹಾರ್ಮೋನಿನಲ್ಲಿ ಅದ್ದಿ, ಮರಳಿನಲ್ಲಿ ಊರಿ ತೇವ ಆರದಂತೆ ಕಾಯುತ್ತಾರೆ. ಬೇರು ಬರಲು ಕೆಲವು ತಿಂಗಳೇ ಬೇಕು.

ಕತ್ತರಿ ಹಾಕುವಾಗ ಎಲೆಯಿರುವ ತುದಿಯನ್ನು ಮಾತ್ರ ಕತ್ತರಿಸತಕ್ಕದ್ದು. ಎಲೆಯಿಲ್ಲದ ಹಳೆಯ ಕೊಂಬೆಯವರೆಗೆ ಕಡಿದರೆ ಅದು ಮತ್ತೆ ಚಿಗುರುವುದಿಲ್ಲ.

ರೋಗವೋ, ಚಳಿಯ ಬಣ್ಣವೋ?

ಚಳಿಯ ಬಣ್ಣವಾದರೆ ಬಿಸಿಲು ಕಾಣುವ ಮೇಲ್ಭಾಗವೆಲ್ಲ ಒಂದೇ ಸಮನಾಗಿ ನೇರಳೆಯಾಗಿರುತ್ತದೆ. ರೆಂಬೆಯನ್ನು ಎತ್ತಿ ನೋಡಿದರೆ ನೆರಳಿನಲ್ಲಿದ್ದ ಅಡಿಯ ಎಲೆ ಹೆಚ್ಚು ಹಸಿರಾಗಿರುತ್ತದೆ. ಕಡ್ಡಿ ಬಾಗುತ್ತದೆ, ಮುರಿಯುವುದಿಲ್ಲ. ಉಗುರಿನಿಂದ ಸಿಪ್ಪೆ ಕೆರೆದರೆ ಒಳಗೆ ಹಸಿ ಇರುತ್ತದೆ. ಹೀಗಿದ್ದರೆ ಏನೂ ಮಾಡಬೇಕಾಗಿಲ್ಲ. ಔಷಧಿಯೂ ಬೇಡ, ಗೊಬ್ಬರವೂ ಬೇಡ.

ಅಲ್ಲಲ್ಲಿ ತುದಿಗಳು ಮಾತ್ರ ಕಂದಾಗಿ ಒಣಗಿ, ಸತ್ತ ಭಾಗದಲ್ಲಿ ಸಣ್ಣ ಕಪ್ಪು ಚುಕ್ಕೆಗಳು ಕಂಡರೆ ಅದು ಬೂಷ್ಟಿನಿಂದ ಬರುವ ತುದಿಗರುಕು ರೋಗ. ಇದು ಒದ್ದೆಯಾದ ಎಳೆಯ ಚಿಗುರಿಗೆ ತಗುಲುತ್ತದೆ. ಒಣ ಹವೆಯಲ್ಲಿ ಅಂಥ ತುದಿಗಳನ್ನು ಕತ್ತರಿಸಿ ಸುಡಬೇಕು. ನೀರನ್ನು ಬುಡಕ್ಕೆ ಕೊಡಬೇಕೇ ಹೊರತು ಎಲೆಯ ಮೇಲೆ ಚಿಮುಕಿಸಬಾರದು. ಎಲೆ ಧೂಳು ಹಿಡಿದಂತೆ ಮಂಕಾದರೆ ಬಿಳಿಯ ಕಾಗದದ ಮೇಲೆ ರೆಂಬೆಯನ್ನು ಕೊಡವಿ ನೋಡಬೇಕು. ಓಡಾಡುವ ಚುಕ್ಕೆಗಳು ಕಂಡರೆ ಅದು ನುಸಿಯ ಕಾಟ. ಇಡೀ ಗಿಡ ಹುಲ್ಲಿನ ಬಣ್ಣಕ್ಕೆ ತಿರುಗಿ, ಕಡ್ಡಿ ಪಟಪಟನೆ ಮುರಿದರೆ ಅದು ಸತ್ತಿದೆಯೆಂದೇ ಅರ್ಥ. ಆಗ ಬೇರನ್ನು ನೋಡತಕ್ಕದ್ದು. ನೀರು ನಿಂತು ಬೇರು ಕೊಳೆತಿದ್ದರೆ ಅದೇ ಜಾಗದಲ್ಲಿ ಮತ್ತೆ ನೆಟ್ಟು ಫಲವಿಲ್ಲ.

ನೆರೆಯವರ ತೋಟದ ವಿಚಾರ

ಜೂನಿಪರ್ ಜಾತಿಯ ಕೆಲವು ಗಿಡಗಳಲ್ಲಿ ಬೆಳೆಯುವ ಒಂದು ತುಕ್ಕುರೋಗ ಗಾಳಿಯಲ್ಲಿ ಹಾರಿ ಸೇಬಿನ ಗಿಡಕ್ಕೆ ತಗುಲುತ್ತದೆ. ಜೂನಿಪರಿಗೆ ಅಷ್ಟು ಹಾನಿಯಿಲ್ಲ. ಸೇಬಿನ ಎಲೆಯೂ ಕಾಯಿಯೂ ಕೆಡುತ್ತವೆ. ಅಮೆರಿಕದ ವರ್ಜೀನಿಯಾ ಸಂಸ್ಥಾನ 1914 ರಲ್ಲಿ ಇದಕ್ಕಾಗಿಯೇ ಕಾನೂನು ಮಾಡಿ, ಸೇಬಿನ ತೋಟಗಳ ಹತ್ತಿರದಲ್ಲಿದ್ದ ರೆಡ್ ಸೀಡರ್ ಎಂಬ ಎತ್ತರದ ಜೂನಿಪರ್ ಮರಗಳನ್ನು ಕಡಿಸಿತು. ಮರದ ಒಡೆಯರು ಕೋರ್ಟಿಗೆ ಹೋದರು. 1928 ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಾನೂನು ಸರಿಯೆಂದೇ ತೀರ್ಪು ಕೊಟ್ಟಿತು. ಒಡೆಯರಿಗೆ ಕಡಿಯುವ ಖರ್ಚು ಸಿಕ್ಕಿತು, ನಿಂತ ಮರದ ಬೆಲೆ ಸಿಗಲಿಲ್ಲ. ಆದಕಾರಣ ಹೊಸ ಗಿಡವನ್ನು ತರುವಾಗ ಅದು ಪಕ್ಕದ ಹೊಲದ ಬೆಳೆಗೆ ಏನು ಮಾಡೀತು ಎಂಬುದನ್ನೂ ಮೊದಲೇ ವಿಚಾರಿಸಬೇಕು.

ನಮ್ಮ ಸೀಮೆಗೆ ಹೊಂದುವುದೇ?

ಬೆಂಗಳೂರಿನ ನರ್ಸರಿಗಳಲ್ಲಿ ಕುಂಡದ ಜೂನಿಪರ್ ಗಿಡಗಳು ಮಾರಾಟಕ್ಕೆ ಸಿಗುತ್ತವೆ. ಅಲಂಕಾರಕ್ಕೆ ಒಂದೆರಡು ಗಿಡ ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಆದರೆ ಚಳಿಗಾಲದ ನೇರಳೆ ಬಣ್ಣವನ್ನು ನಂಬಿ ಹೆಚ್ಚು ಬೆಲೆ ಕೊಡಬೇಡಿ. ನೆಲಹಬ್ಬು ಜೂನಿಪರಿನ ತವರಿನಲ್ಲಿ ಚಳಿ ಸೊನ್ನೆಗಿಂತ 30 ಡಿಗ್ರಿ ಸೆಂಟಿಗ್ರೇಡು ಕೆಳಗೆ ಇಳಿಯುವುದುಂಟು. ಬೆಂಗಳೂರಿನ ಜನವರಿಯ ರಾತ್ರಿಯಲ್ಲಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು ಇರುತ್ತದೆ. ಇಷ್ಟು ಚಳಿಗೆ ಆ ಬಣ್ಣ ಏರುವುದಿಲ್ಲ. ಬಯಲುಸೀಮೆಯ ಬೇಸಿಗೆಯ ಕಾವನ್ನೂ, ಮಲೆನಾಡಿನ ಮುಂಗಾರಿನ ತೇವವನ್ನೂ ಈ ಗಿಡ ಸಹಿಸಲಾರದು.

ಬದುವಿನ ಮಣ್ಣನ್ನು ಹಿಡಿದು ನಿಲ್ಲಿಸುವುದೇ ನಿಮ್ಮ ಉದ್ದೇಶವಾದರೆ ಲಾವಂಚವನ್ನು ಸಾಲಾಗಿ ನೆಡಿರಿ. ಅದರ ಬೇರು ಆಳಕ್ಕೆ ಇಳಿಯುತ್ತದೆ, ನಮ್ಮ ಬಿಸಿಲನ್ನೂ ಮಳೆಯನ್ನೂ ತಡೆಯುತ್ತದೆ, ಸಸಿಗೆ ದೂರದ ದೇಶವನ್ನು ಕಾಯಬೇಕಾಗಿಲ್ಲ. ಯಾರಾದರೂ ಹೊಸ ಅಲಂಕಾರದ ಗಿಡವನ್ನು ನೂರಾರು ಲೆಕ್ಕದಲ್ಲಿ ಬೆಳೆಯಿರಿ, ನಾವೇ ಕೊಳ್ಳುತ್ತೇವೆ ಎಂದು ಬಂದರೆ, ಮುಂಗಡ ಹಣ ಕೊಡುವ ಮೊದಲು ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಿರಿ. ನಾಲ್ಕು ಗಿಡವನ್ನು ನಿಮ್ಮ ಹಿತ್ತಲಲ್ಲೇ ಒಂದು ಬೇಸಿಗೆ, ಒಂದು ಮಳೆಗಾಲ ಕಾಯ್ದು ನೋಡಿರಿ. ಅವು ಉಳಿದು ಹಬ್ಬಿದರೆ ಐದನೆಯದನ್ನು ಕೊಳ್ಳುವ ವಿಚಾರ ಮಾಡಬಹುದು.