ಬಸಿರಿ ಮನೆಯಲ್ಲಿ ಬೆಕ್ಕು: ಅಂಜಿಕೆ ಬೇಡ, ಎಚ್ಚರವಿರಲಿ

ಕುಲಗೋಡದಂಥ ನಮ್ಮ ಹಳ್ಳಿಗಳಲ್ಲಿ ಜೋಳ, ಗೋವಿನಜೋಳದ ಚೀಲಗಳಿದ್ದಲ್ಲಿ ಇಲಿ. ಇಲಿ ಇದ್ದಲ್ಲಿ ಬೆಕ್ಕು. ಆದರೆ ಮನೆಯ ಸೊಸೆ ಬಸಿರಿಯಾದಳೆಂದರೆ ‘ಬೆಕ್ಕಿನಿಂದ ಕೂಸಿಗೆ ರೋಗ ಬರುತ್ತದಂತೆ’ ಎಂಬ ಮಾತು ಹುಟ್ಟುತ್ತದೆ. ಸಾಕಿದ ಬೆಕ್ಕನ್ನು ಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುವವರೂ ಉಂಟು. ಈ ಮಾತಿನಲ್ಲಿ ನಿಜವೆಷ್ಟು?

ರೋಗದ ಹೆಸರು ಟಾಕ್ಸೋಪ್ಲಾಸ್ಮೋಸಿಸ್. ಇದಕ್ಕೆ ಕಾರಣ ಟಾಕ್ಸೋಪ್ಲಾಸ್ಮಾ ಗೊಂಡಿ ಎಂಬ ಏಕಕೋಶ ಜೀವಿ. ವಿದ್ಯಾರ್ಥಿಗಳು ಪಾಠದಲ್ಲಿ ಓದಿದ ಮಲೇರಿಯಾ ರೋಗಾಣುವಿಗೆ ಇದು ದೂರದ ನೆಂಟ. 1908ರಲ್ಲಿ ಚಾರ್ಲ್ಸ್ ನಿಕೋಲ್ ಮತ್ತು ಲೂಯಿ ಮಾನ್ಸೋ ಇದನ್ನು ಟ್ಯುನಿಸ್ ನಗರದಲ್ಲಿ ‘ಗುಂಡಿ’ ಎಂಬ ದಂಶಕ ಪ್ರಾಣಿಯಲ್ಲಿ ಕಂಡರು. ಗ್ರೀಕ್ ಭಾಷೆಯಲ್ಲಿ ‘ಟಾಕ್ಸನ್’ ಎಂದರೆ ಬಿಲ್ಲು. ಬಿಲ್ಲಿನಂತೆ ಬಾಗಿದ ಜೀವಿಗೆ ಅದೇ ಹೆಸರಾಯಿತು.

ಆರೋಗ್ಯವಂತರಿಗೆ ಈ ಸೋಂಕು ತಗುಲಿದರೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಕೆಲವರಿಗೆ ಸಣ್ಣ ಜ್ವರ ಬಂದು ಕುತ್ತಿಗೆಯಲ್ಲಿ ಗಂಟು ಕಾಣಿಸಬಹುದು. ಬಸುರಿನಲ್ಲೇ ಮೊದಲ ಸಲ ತಗುಲಿದಾಗ ಮಾತ್ರ ಅದು ಮಾಸಿನ ಮೂಲಕ ಕೂಸಿಗೆ ದಾಟಬಲ್ಲದು. ಮೊದಲ ತಿಂಗಳುಗಳಲ್ಲಿ ದಾಟುವ ಸಾಧ್ಯತೆ ಕಡಿಮೆ. ದಾಟಿದರೆ ಗರ್ಭಪಾತವಾಗಬಹುದು, ಕೂಸಿನ ಮಿದುಳು, ಕಣ್ಣುಗಳಿಗೆ ದೊಡ್ಡ ಹಾನಿಯಾಗಬಹುದು. ಕೊನೆಯ ತಿಂಗಳುಗಳಲ್ಲಿ ದಾಟುವ ಸಾಧ್ಯತೆ ಹೆಚ್ಚು, ಹಾನಿ ಕಡಿಮೆ. ಆದರೂ ಕಣ್ಣಿನ ತೊಂದರೆ ವರ್ಷಗಳ ಮೇಲೆ ತಲೆಯೆತ್ತಬಹುದು.

ಬೆಕ್ಕಿನ ಪಾತ್ರವೇನು? ಸೋಂಕಿನ ಇಲಿಯನ್ನೋ ಹಸಿ ಮಾಂಸವನ್ನೋ ತಿಂದ ಬೆಕ್ಕು ಒಂದೆರಡು ವಾರ ತನ್ನ ಮಲದಲ್ಲಿ ಲಕ್ಷಗಟ್ಟಲೆ ಸೂಕ್ಷ್ಮ ಅಂಡಕೋಶಗಳನ್ನು ಹೊರಹಾಕುತ್ತದೆ. ಅವು ಮಾಗಿ ಸೋಂಕು ಹರಡುವಂತಾಗಲು 1ರಿಂದ 5 ದಿನ ಬೇಕು. ಆಮೇಲೆ ಹಸಿ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ. ಆದ್ದರಿಂದ ಬೆಕ್ಕಿನ ಮೈ ಸವರುವುದಕ್ಕಿಂತ ಅದು ಕೆದರಿದ ಹಿತ್ತಲ ಮಣ್ಣಿನ ಅಪಾಯವೇ ಹೆಚ್ಚು. 2004-05ರಲ್ಲಿ ಕೊಯಮತ್ತೂರಿನಲ್ಲಿ ಈ ರೋಗ ಅನೇಕರ ಕಣ್ಣಿಗೆ ತಗುಲಿದಾಗ ಸಂಶಯ ಹೋದದ್ದು ಕುಡಿಯುವ ನೀರಿನ ಮೇಲೆ. ಕ್ಲೋರಿನ್ ಈ ಅಂಡಕೋಶಗಳನ್ನು ಕೊಲ್ಲದು, ಕುದಿಸಿದರೆ ಸಾಯುತ್ತವೆ.

ಹಾಗಾದರೆ ಬಸಿರಿಯ ಮನೆಯವರು ಮಾಡಬೇಕಾದುದೇನು?

ರೊಟ್ಟಿಯ ಜತೆ ಹಸಿಯಾಗಿ ತಿನ್ನುವ ಹಕ್ಕರಕಿ, ಮೆಂತ್ಯೆ, ಮೂಲಂಗಿ, ಗಜ್ಜರಿ ನಮಗೆ ಪ್ರಿಯ. ಇವು ಮಣ್ಣಿಗೆ ತಾಗಿಯೇ ಬೆಳೆಯುತ್ತವೆ. ಸುರಿಯುವ ನೀರಿನಲ್ಲಿ ಎಲೆಎಲೆಯಾಗಿ ತೊಳೆಯಬೇಕು. ಬೇಯಿಸಿ ತಿಂದರೆ ಇನ್ನೂ ಒಳ್ಳೆಯದು.

ಕುರಿ, ಮೇಕೆಯ ಮಾಂಸ ಒಳಗೆಲ್ಲ ಚೆನ್ನಾಗಿ ಬೇಯಬೇಕು. ಹಸಿ ಮಾಂಸ ಹೆಚ್ಚಿದ ಈಳಿಗೆ, ಕೈ ಎರಡನ್ನೂ ಸಾಬೂನಿನಿಂದ ತೊಳೆಯಬೇಕು. ಮೇಕೆ ಹಾಲನ್ನು ಕಾಯಿಸದೆ ಕುಡಿಯಬಾರದು. ಕಂದು ಹಾಕಿದ ಕುರಿ, ಮೇಕೆಯನ್ನು ಬಸಿರಿ ಮುಟ್ಟದಿರಲಿ.

ಬಸುರಿನ ಬಯಕೆ ಎಂದು ಕೆಲವರು ಮಣ್ಣು ತಿನ್ನುತ್ತಾರೆ. ಅವರನ್ನು ಬೈಯದೆ ಡಾಕ್ಟರರ ಹತ್ತಿರ ಕರೆದೊಯ್ಯಿರಿ, ರಕ್ತಹೀನತೆ ಇದ್ದೀತು. ಹಿತ್ತಲಲ್ಲಿ ಕಳೆ ಕೀಳುವಾಗ ಕೈಗವಸು ಇರಲಿ.

ಬೆಕ್ಕಿಗೆ ಹಸಿ ಮಾಂಸ ಹಾಕಬೇಡಿ. ಅದರ ಹೊಲಸನ್ನು ಬೇರೆಯವರು ದಿನವೂ ತೆಗೆಯಲಿ. ಮಾಗಲು ಒಂದು ದಿನವಾದರೂ ಬೇಕೆಂಬ ಲೆಕ್ಕ ಇಲ್ಲಿ ನಮ್ಮ ನೆರವಿಗೆ ಬರುತ್ತದೆ.

ರಕ್ತಪರೀಕ್ಷೆಯ ಬಗ್ಗೆ ಒಂದು ಮಾತು. ವರದಿಯಲ್ಲಿ ‘ಐಜಿಜಿ ಪಾಸಿಟಿವ್’ ಎಂದಷ್ಟೇ ಇದ್ದರೆ ಅದು ಸಾಮಾನ್ಯವಾಗಿ ಹಿಂದೆಂದೋ ಬಂದು ಹೋದ ಸೋಂಕಿನ ಗುರುತು. ಬಸುರಿಗೆ ಮೊದಲೇ ಬಂದಿದ್ದರೆ ಕೂಸಿಗೆ ಅದೇ ರಕ್ಷೆ. ‘ಐಜಿಎಂ’ ಕೂಡ ಕಂಡರೆ ಡಾಕ್ಟರರು ಮತ್ತೆ ಪರೀಕ್ಷೆ ಮಾಡಿಸುತ್ತಾರೆ. ಹೊಸ ಸೋಂಕೆಂದು ಖಚಿತವಾದರೆ ಔಷಧವಿದೆ. ಒಂದು ಕಾಗದ ನೋಡಿ ಸೊಸೆಯನ್ನು ದೂರುವುದಾಗಲಿ, ಬಸುರು ತೆಗೆಸಲು ಅವಸರಪಡುವುದಾಗಲಿ ಸಲ್ಲದು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಅಕ್ಕನೋ ವೈನಿಯೋ ಬಸಿರಿಯಾಗಿದ್ದರೆ ಬೆಕ್ಕಿನ ಹೊಲಸು ತೆಗೆಯುವ, ಪಲ್ಲೆ ತೊಳೆಯುವ ಕೆಲಸ ನೀವು ವಹಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯುವುದನ್ನು ಮರೆಯಬೇಡಿ.