ಅಜ್ಜನ ಫೋಟೋ ಇದೆ, ವಂಶದ ದಾಖಲೆ ಎಲ್ಲಿ?

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕು. ಮುತ್ತಜ್ಜನ ಹಳೆಯ ಫೋಟೋ ಒಂದೇ ಉಳಿದಿದೆ. ಮನೆತನದ ಇತಿಹಾಸ ಹುಡುಕುವುದು ಹೇಗೆ?

ಉತ್ತರ: ಮೊದಲು ಫೋಟೋದ ಹಿಂಬದಿ ನೋಡಿ. ಸ್ಟುಡಿಯೋ ಮೊಹರು, ಊರು, ಇಸವಿ ಇರಬಹುದು. ಆಮೇಲೆ ಮನೆಯ ಹಿರಿಯರ ಮುಂದೆ ಅದನ್ನಿಟ್ಟು ಪ್ರತಿ ಮುಖದ ಹೆಸರು ಕೇಳಿ ಬರೆದುಕೊಳ್ಳಿ, ಇದನ್ನು ಮುಂದೂಡಬೇಡಿ.

ಆಳಂದ, ಅಫಜಲಪುರ, ಜೇವರ್ಗಿ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಹೀಗಾಗಿ ಹಳೆಯ ಜಮೀನು ಕಾಗದಗಳಲ್ಲಿ ಉರ್ದು ಬರಹವೂ ಫಸಲಿ (ಆಗಿನ ಕಂದಾಯ ಲೆಕ್ಕದ) ವರ್ಷವೂ ಸಿಗುತ್ತವೆ. ಫಸಲಿಗೆ 590 ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ: 1340 ಫಸಲಿ ಎಂದರೆ 1930ರ ಸುಮಾರು. ತಹಶೀಲ್ದಾರ್ ಕಚೇರಿಯ ದಾಖಲೆ ಕೋಣೆಯಲ್ಲಿ 1954-55ರ ಖಾಸ್ರಾ ಪಹಣಿ (ಹೊಲವಾರು ಹಕ್ಕು-ಸಾಗುವಳಿ ದಾಖಲೆ) ಕೇಳಿ. ಸರ್ವೆ ನಂಬರ್ ಗೊತ್ತಿದ್ದರೆ ಕೆಲಸ ಸಲೀಸು. ನಿಜಾಮರ ಕಾಲದ ಆಡಳಿತ ಕಾಗದಗಳ ದೊಡ್ಡ ಸಂಗ್ರಹ ಹೈದರಾಬಾದಿನ ತಾರ್ನಾಕಾದ ರಾಜ್ಯ ಪತ್ರಾಗಾರದಲ್ಲಿದೆ.

ಸರ್ಕಾರಿ ಕಾಗದ ಜಮೀನು ಇದ್ದವರನ್ನೇ ಹೆಚ್ಚು ನೆನಪಿಡುತ್ತದೆ, ಹೆಣ್ಣುಮಕ್ಕಳನ್ನು ಬಹುತೇಕ ಮರೆಯುತ್ತದೆ. ಈ ಕೊರತೆ ನನಗೆ ನೋವಿನದು. ಅದಕ್ಕೇ ಅಜ್ಜಿಯರ ತವರೂರಲ್ಲೂ ವಿಚಾರಿಸಿ. ಎತ್ತಿನ ಮೇಲೆ ಬಂದು ವಂಶಾವಳಿ ಹೇಳುವ ಹೆಳವರು ನಿಮ್ಮ ಮನೆತನಕ್ಕೂ ಇದ್ದರೆ, ಅವರ ಹೊತ್ತಿಗೆಯಲ್ಲಿ ಹಲವು ತಲೆಮಾರು ಸಿಗಬಹುದು. ಅವರು ಮುಂದಿನ ಸಲ ಊರಿಗೆ ಬಂದಾಗ ಕೂರಿಸಿ, ಕೇಳಿ, ಧ್ವನಿ ಮುದ್ರಿಸಿಕೊಳ್ಳಿ.